ಹಕ್ಕಿಯ ಮುಂದೆ ಒಂದು ಮೊಳ

ಚಳಿಗಾಲದ ಬೆಳಗ್ಗೆ ಬೆಂಗಳೂರಿನ ಬೇಗೂರು ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ಜನವರಿಯ ನೀರುಹಕ್ಕಿ ಗಣತಿಗೆ ಬಾತುಗಳನ್ನು ಎಣಿಸಿ ಬರೆದುಕೊಡುತ್ತೇನೆ. ಶಾಲೆ ಮಕ್ಕಳು ಬಂದರೆ ಯಾವುದು ವರಟೆ, ಯಾವುದು ಸೂಜಿಬಾಲದ ಬಾತು ಅಂತ ತೋರಿಸುತ್ತೇನೆ. ಅದೇ ನಾನು ಈ ಬೇಸಿಗೆಯೆಲ್ಲ ಮನೆಯವರು ಮಲಗಿದ ಮೇಲೆ ಫೋನಿನ ಸದ್ದು ತಗ್ಗಿಸಿಕೊಂಡು, ಹಾರುವ ಹಕ್ಕಿ ಹೊಡೆಯಲು ಎರಡು ಬಂದೂಕುಗಳಲ್ಲಿ ಯಾವುದು ವಾಸಿ ಎಂದು ನೋಡುತ್ತ ಕೂತಿದ್ದೇನೆ. ಕೆರೆ ಗುಂಪಿನಲ್ಲಿ ಯಾರಿಗೂ ಇದು ಗೊತ್ತಿಲ್ಲ.

ನೆಪ ಅಕ್ಕನ ಮಗ. ಅಮೆರಿಕದ ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿದ್ದಾನೆ. ಆಫೀಸಿನ ಗೆಳೆಯರ ಜೊತೆ ಫೆಸೆಂಟ್ ಬೇಟೆಗೆ ಹೋಗಿ ಬಂದ ಮೇಲೆ ಅವನಿಗೆ ತನ್ನದೇ ಬಂದೂಕು ಬೇಕೆನಿಸಿತು. ಅಲ್ಲಿ ಅಕ್ಟೋಬರ್‌ನ ಮೂರನೇ ಶನಿವಾರ ಋತು ಶುರುವಾದರೆ ಅದೇ ಊರಹಬ್ಬ. ಕಟಾವಿಗೆ ಬಂದ ಜೋಳದ ಹೊಲದಲ್ಲಿ ಕಿತ್ತಳೆ ಅಂಗಿ ತೊಟ್ಟವರು ಸಾಲಾಗಿ ನಡೆಯುತ್ತಾರೆ, ನಾಯಿಗಳು ಮುಂದೆ ಮೂಸುತ್ತವೆ, ಹುಂಜ ಎದ್ದರೆ ಹೊಡೆಯಬೇಕು, ಹೇಂಟೆ ಎದ್ದರೆ ಬಿಡಬೇಕು. ದಿನಕ್ಕೆ ತಲೆಗೆ ಮೂರು ಹುಂಜ. "ಮಾವ, ನಿಮಗೆ ಇದೆಲ್ಲ ಗೊತ್ತಲ್ಲ, ಎರಡರಲ್ಲಿ ಯಾವುದು ತಗೊಳ್ಳಲಿ ಹೇಳಿ. ನೀವೂ ಅಕ್ಟೋಬರ್‌ಗೆ ಬನ್ನಿ" ಅಂದ. ನನಗೆ ಗೊತ್ತಿರುವುದು ತಾತನ ಒಂಟಿನಳಿಗೆ ಬಂದೂಕೊಂದೇ. ಆದರೂ "ನೋಡಿ ಹೇಳ್ತೀನಪ್ಪ" ಅಂದುಬಿಟ್ಟೆ.

ಅವನ ಪಟ್ಟಿಯಲ್ಲಿದ್ದವು ಬೆರೆಟ್ಟಾ ಎ300 ಅಲ್ಟಿಮಾ ಮತ್ತು ಬೆನೆಲ್ಲಿ ಮಾಂಟೆಫೆಲ್ಟ್ರೊ. ಎರಡೂ ಹನ್ನೆರಡು ಬೋರಿನ ಸೆಮಿ ಆಟೊಮ್ಯಾಟಿಕ್. ಒಂದು ಈಡು ಹೊಡೆದರೆ ಖಾಲಿ ತೋಟಾ ತಾನೇ ಹೊರಗೆ ಹಾರಿ ಇನ್ನೊಂದು ಒಳಗೆ ಬಂದು ಕೂರುತ್ತದೆ. ಈ ಕೆಲಸವನ್ನು ಎರಡೂ ಬೇರೆ ಬೇರೆ ದಾರಿಯಲ್ಲಿ ಮಾಡುತ್ತವೆ. ಬೆರೆಟ್ಟಾದಲ್ಲಿ ನಳಿಗೆಯ ಕೆಳಭಾಗದಲ್ಲಿ ಸಣ್ಣ ತೂತುಗಳಿವೆ. ಮದ್ದು ಉರಿದಾಗ ಹುಟ್ಟುವ ಅನಿಲ ಸ್ವಲ್ಪ ಅಲ್ಲಿ ನುಗ್ಗಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ಹಿಂದಕ್ಕೊಯ್ಯುತ್ತದೆ. ಒದೆತದ ಒಂದು ಪಾಲು ಅಲ್ಲೇ ತಿಂದುಹೋಗುವುದರಿಂದ ಭುಜಕ್ಕೆ ಮೆತ್ತಗೆ. ಆದರೆ ಮಸಿ ಕಟ್ಟುತ್ತದೆ, ಬಿಚ್ಚಿ ಒರೆಸಬೇಕು. ಬೆನೆಲ್ಲಿಗೆ ಅನಿಲ ಬೇಕಿಲ್ಲ. ಬಸ್ಸು ತಟ್ಟನೆ ಹೊರಟಾಗ ನಿಂತವನು ನಿಂತಲ್ಲೇ ಉಳಿದು ವಾಲುವ ಹಾಗೆ, ಬಂದೂಕು ಹಿಂದಕ್ಕೆ ಒದ್ದಾಗ ಭಾರದ ಬೋಲ್ಟು ಕ್ಷಣಕಾಲ ನಿಂತಲ್ಲೇ ನಿಲ್ಲುತ್ತದೆ. ನಡುವೆ ಸಿಕ್ಕಿಬಿದ್ದ ಗಿಡ್ಡ ಗಟ್ಟಿ ಸ್ಪ್ರಿಂಗು ಅಮುಕಿಕೊಂಡು ಮತ್ತೆ ಬಿಚ್ಚಿ ಬೋಲ್ಟನ್ನು ಎಸೆಯುತ್ತದೆ. ಮಸಿ ಕಡಿಮೆ, ತೂಕ ಕಡಿಮೆ, ದಿನವಿಡೀ ಹೊತ್ತು ನಡೆಯಬಹುದು. ಒದೆತ ಮಾತ್ರ ಪೂರ್ತಿ ನಿಮ್ಮದೇ. ಇನ್ನೊಂದು ತೊಡಕೂ ಇದೆ. ಸದ್ದಾಗದಿರಲೆಂದು ಬೋಲ್ಟನ್ನು ಕೈಯಲ್ಲಿ ಹಿಡಿದು ನಿಧಾನ ಮುಚ್ಚಿದರೆ ಅದರ ತಲೆ ಪೂರ್ತಿ ತಿರುಗಿ ಕೂರದೆ ಉಳಿಯಬಹುದು. ಹುಂಜ ಎದ್ದಾಗ ಕುದುರೆ ಎಳೆದರೆ 'ಕ್ಲಿಕ್' ಅನ್ನುತ್ತದೆ, ಅಷ್ಟೇ. ಬೆನೆಲ್ಲಿ ಇಟ್ಟುಕೊಂಡವರೆಲ್ಲ ಈ ಕ್ಲಿಕ್ಕಿನ ಮಾತಾಡುತ್ತಾರೆ.

ತಮಾಷೆಯೆಂದರೆ ಎರಡೂ ಈಗ ಒಂದೇ ಮನೆತನದ ಆಸ್ತಿ. 1526ರಲ್ಲಿ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆ ಮಾರಿದ ಲೆಕ್ಕ ಬೆರೆಟ್ಟಾದವರ ಬಳಿ ಇದೆ. 1967ರಲ್ಲಿ ಉರ್ಬಿನೊದಲ್ಲಿ ಶುರುವಾದ ಬೆನೆಲ್ಲಿಯನ್ನೂ ಆಮೇಲೆ ಅವರೇ ಕೊಂಡರು. ನಾನು ರಾತ್ರಿಯೆಲ್ಲ ತಕ್ಕಡಿಯಲ್ಲಿಟ್ಟು ತೂಗಿದ್ದು ಒಂದೇ ಗಲ್ಲಾಪೆಟ್ಟಿಗೆಯ ಎರಡು ಮುಖಗಳನ್ನು.

ತೂಗುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಷ್ಟೆಲ್ಲ ನೋಟ್ಸ್ ಮಾಡಿಕೊಂಡ ಪುಸ್ತಕದಲ್ಲಿ ಸ್ಪ್ರಿಂಗು, ಪಿಸ್ಟನ್, ತೂಕ, ನಳಿಗೆಯ ಉದ್ದ, ಚೋಕು, ಚರೆಯ ನಂಬರು ಎಲ್ಲ ಇತ್ತು. ಹಕ್ಕಿ ಇರಲಿಲ್ಲ. ಕೆರೆಯ ನೋಟ್‌ಬುಕ್‌ನಲ್ಲಿ ಹಕ್ಕಿಯ ಕೊಕ್ಕಿನ ಬಣ್ಣ, ರೆಕ್ಕೆಯ ಪಟ್ಟಿ, ಜೊತೆಗಾತಿ ಇದ್ದಾಳೋ ಇಲ್ಲವೋ ಎಲ್ಲ ಬರೆಯುವ ಮನುಷ್ಯ ಇಲ್ಲಿ ಅದನ್ನು 'ನಲವತ್ತು ಗಜ' ಎಂದು ಬರೆದಿದ್ದ. ಯಂತ್ರದ ಗುಣದೋಷ ಚರ್ಚಿಸುತ್ತಿರುವ ತನಕ ಯಾರೂ ಹಿಂಸೆಯ ಮಾತೆತ್ತುವುದಿಲ್ಲ. ಮಿಕ್ಸಿ ಕೊಳ್ಳುವವನ ಮುಖದಲ್ಲಿರುವಷ್ಟೇ ಅಮಾಯಕತೆ ನನ್ನ ಮುಖದಲ್ಲೂ ಇದ್ದಿರಬೇಕು. ಆಯ್ಕೆ ಬೇಗ ಮುಗಿಯದಿರಲಿ ಎಂದು ನಾನೇ ಎಳೆದಾಡುತ್ತಿದ್ದೆ ಅಂತಲೂ ಅನಿಸುತ್ತದೆ. ಮುಗಿದರೆ ಮುಂದಿನ ಪ್ರಶ್ನೆ ಬರುತ್ತದಲ್ಲ, ಹೊಡೆಯುತ್ತೀಯಾ ಅಂತ.

ತಾತನಿಗೆ ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸ್ ಇತ್ತು. ಆಗ ಬೇಗೂರು ಕೆರೆಯ ಕೆಳಗೆ ಗದ್ದೆ. ಬತ್ತ ಕೊಯ್ದ ಕೂಳೆಯಲ್ಲಿ ನೀರು ನಿಂತಿದ್ದರೆ ಚಳಿಗಾಲದಲ್ಲಿ ಉಲ್ಲಂಕಿ ಇಳಿಯುತ್ತಿದ್ದವು. ಕಾಲಡಿಯಿಂದ ಚರ್ರೆಂದು ಎದ್ದು ಎಡಕ್ಕೆ ಬಲಕ್ಕೆ ವಾಲಾಡುತ್ತ ಹಾರುವ ಆ ಹಕ್ಕಿಯನ್ನು ಹೊಡೆಯುವುದಕ್ಕೆಂದೇ ದಂಡಿನ ದೊರೆಗಳು ಜಟಕಾ ಮಾಡಿಕೊಂಡು ಬರುತ್ತಿದ್ದರಂತೆ. ತಾತ ದೊರೆಗಳಿಗಿಂತ ಕಡಿಮೆ ತೋಟಾ ಖರ್ಚು ಮಾಡುತ್ತಿದ್ದ ಎಂಬುದು ನಮ್ಮ ಮನೆಯ ಹೆಮ್ಮೆ. ನನ್ನ ಕೆಲಸ ಚೀಲ ಹೊರುವುದು. ಒಂದು ಈಡನ್ನೂ ನನಗೆ ಹೊಡೆಯಲು ಕೊಡಲಿಲ್ಲ. ಸಂಜೆ ಬಂದೂಕು ಮಡಚಿ ಖಾಲಿಯೆಂದು ಎರಡು ಸಲ ತೋರಿಸಿ ನನ್ನ ಭುಜಕ್ಕಿಡುತ್ತಿದ್ದ. ಕೆರೆಗೆ ಮರಳುವ ಬಾತುಗಳ ಹಿಂದೆ ನಳಿಗೆ ತಿರುಗಿಸಬೇಕು. "ಹಕ್ಕಿಗೆ ಹೊಡೀಬ್ಯಾಡ ಕಣ್ಲಾ, ಅದು ಹೋಗೋ ಜಾಗಕ್ಕೆ ಹೊಡಿ. ಮುಂದಕ್ಕೆ ಒಂದು ಮೊಳ ಬಿಡು. ಹೊಡೆದ ಮ್ಯಾಲೂ ಕೈ ನಿಲ್ಲಿಸಬ್ಯಾಡ." ನಿಜವಾದ ತೋಟಾ ದೊಡ್ಡವನಾದ ಮೇಲೆ ಅಂದಿದ್ದ.

ದೊಡ್ಡವನಾಗುವಷ್ಟರಲ್ಲಿ ತಾತ ಹೋದ, ಗದ್ದೆ ಸೈಟಾಯಿತು, ಕಾನೂನೂ ಬಂತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಉಳಿದಿತ್ತು. 1991ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನವೇ, ತಿದ್ದುಪಡಿ ಜಾರಿಯಾಗಿ ಅದೂ ಹೋಯಿತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ಬಿಡಿಸಿಕೊಂಡು ಬರುವ ತಾಪತ್ರಯ ಸಾಕೆಂದು ಅಪ್ಪ ಬಂದೂಕನ್ನು ಕಾಯಂ ಒಪ್ಪಿಸಿ ಬಂದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಅಭ್ಯಾಸ ಮಾತ್ರ ಒಪ್ಪಿಸಿ ಬರುವಂಥದ್ದಲ್ಲ. ಈಗಲೂ ಕೆರೆಯ ಮೇಲೆ ಚಲುಕ ಬಾತಿನ ಹಿಂಡು ಎದ್ದರೆ ನನ್ನ ದುರ್ಬೀನು ಹಕ್ಕಿಯ ಮೇಲೆ ನಿಲ್ಲುವುದಿಲ್ಲ, ಮುಂದಕ್ಕೆ ಜಾರುತ್ತದೆ. ಕಣ್ಣಿಗೆ ಖಾಲಿ ಆಕಾಶ ಸಿಗುತ್ತದೆ, ಹಕ್ಕಿ ಚೌಕಟ್ಟಿನ ಹಿಂದೆಲ್ಲೋ ಉಳಿದಿರುತ್ತದೆ. ಪಕ್ಕದಲ್ಲಿ ನಿಂತ ಹುಡುಗರು ರೆಕ್ಕೆಯ ನೀಲಿ ಪಟ್ಟಿ ಕಂಡಿತೆಂದು ಕೂಗಿದರೆ ನಾನು ಕಾಣಲಿಲ್ಲವೆನ್ನುತ್ತೇನೆ. ವಯಸ್ಸಾಯಿತು, ಕಣ್ಣು ಮಂದ ಎಂದುಕೊಳ್ಳುತ್ತಾರೆ. ಕಣ್ಣು ಚೆನ್ನಾಗಿಯೇ ಇದೆ.

ಇಂಥ ಹೊತ್ತಿಗೆ ಸಮಾಧಾನಕ್ಕೆ ದೊಡ್ಡವರ ಹೆಸರು ನೆನಪಾಗುತ್ತದೆ. ಸಲೀಂ ಅಲಿಯವರ ಪಕ್ಷಿಪ್ರೇಮ ಶುರುವಾದದ್ದು ಬಾಲ್ಯದಲ್ಲಿ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದು, ಅದರ ಕತ್ತಿನ ಹಳದಿ ಗುರುತು ಏನೆಂದು ಕೇಳಲು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೇಕ್ಷಣೆ ಮಾಡಿದಾಗಲೂ ಮಾದರಿಗಳನ್ನು ಕಲೆಹಾಕಿದ್ದು ಬಂದೂಕಿನಿಂದಲೇ. ನಮ್ಮ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿ, ಆಮೇಲೆ ಕ್ಯಾಮೆರಾ ಹಿಡಿದವರು. ಕೆರೆ ಗುಂಪಿನಲ್ಲಿ ಈ ಕತೆಗಳನ್ನು ಹೇಳುವಾಗ ನನ್ನ ದನಿಯಲ್ಲಿ ಒಂದು ಜಾಣತನವಿರುತ್ತದೆ, ಅವರ ದಾರಿಯಲ್ಲೇ ನಾನೂ ಬಂದವನು ಎಂಬಂತೆ. ಅವರು ಬಂದೂಕು ಎತ್ತಿ ಹೊಡೆದು, ಕೈಯಲ್ಲಿ ಹಿಡಿದು ನೋಡಿದವರು. ನಾನು ಎತ್ತಿಕೊಂಡೇ ಇರಲಿಲ್ಲ. ನನ್ನ ಅಹಿಂಸೆಗೆ ಆಧಾರವೆಲ್ಲಿ ಎಂದು ಹುಡುಕಿದರೆ ಸಿಗುವುದು ಸರ್ಕಾರದ ಗೆಜೆಟ್ಟಿನಲ್ಲಿ. ಕಾಯ್ದೆ ಇಲ್ಲದ ಊರಿನಿಂದ ಒಂದು ಫೋನ್ ಬಂದದ್ದೇ ತಡ, ಚೀಲ ಹೊರುತ್ತಿದ್ದ ಹುಡುಗ ಎದ್ದು ಕೂತ.

ಕಾಯ್ದೆ ಇಲ್ಲದ ಊರು ಎಂದದ್ದು ತಪ್ಪು ಲೆಕ್ಕ. ಅಲ್ಲಿ ಕಾಯ್ದೆ ನಮ್ಮದಕ್ಕಿಂತ ಸೂಕ್ಷ್ಮ. ವಲಸೆ ಹಕ್ಕಿಗೆ ಹೋದರೆ ಬಂದೂಕಿನಲ್ಲಿ ಮೂರು ತೋಟಾಕ್ಕಿಂತ ಹೆಚ್ಚು ಹಿಡಿಯದಂತೆ ಬೆಣೆ ಹಾಕಿರಬೇಕು, 1935ರಿಂದಲೂ ಇರುವ ನಿಯಮ ಇದು. ನಮ್ಮಲ್ಲಿ ಲೈಸೆನ್ಸ್ ನಿಂತ 1991ರಲ್ಲೇ ಅಲ್ಲಿ ದೇಶಕ್ಕೆಲ್ಲ ಬಾತುಬೇಟೆಗೆ ಸೀಸದ ಚರೆ ನಿಷೇಧವಾಯಿತು. ಕೆರೆ ತಳದ ಸೀಸದ ಕಾಳನ್ನು ಹಕ್ಕಿ ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತಿತ್ತು, ಹಾಗಾಗಿ ಉಕ್ಕಿನ ಚರೆ ಬಂತು. 1937ರ ಕಾನೂನಿನ ಪ್ರಕಾರ ಇಂಥ ಬಂದೂಕು, ತೋಟಾಗಳ ಮೇಲೆ ಶೇ. 11ರಷ್ಟು ತೆರಿಗೆ ಬಿದ್ದು ಆ ದುಡ್ಡು ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಬಾತು ಹೊಡೆಯುವವನು ವರ್ಷವರ್ಷ ಕೊಳ್ಳುವ ಅಂಚೆಚೀಟಿಯಂಥ ಸ್ಟಾಂಪಿನ ಹಣದಿಂದ ಜೌಗುನೆಲ ಕೊಂಡು ಉಳಿಸುತ್ತಾರೆ. ನಮ್ಮ ಕೆರೆಗೆ ಕೊಳಚೆ ಬಿಡುವವರು ಒಂದು ಹಕ್ಕಿಯನ್ನೂ ಹೊಡೆಯುವುದಿಲ್ಲ, ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಇದನ್ನೆಲ್ಲ ಓದಿದಾಗ ಕೈಗೊಂದು ವಾದ ಸಿಕ್ಕಿತೆಂದು ಖುಷಿಪಟ್ಟೆ. ಭಾನುವಾರ ಕೋಳಿ ಸಾರು ಉಣ್ಣುವವನಿಗೆ ಇನ್ನೊಂದು ವಾದವೂ ಸುಲಭ: ಪಂಜರದ ಕೋಳಿಗಿಂತ ಜೋಳದ ಹೊಲದಲ್ಲಿ ಬಾಳಿದ ಹುಂಜ ಮೇಲಲ್ಲವೇ? ಅದೂ ಅಲ್ಲಿನ ಮೂಲ ಹಕ್ಕಿಯಲ್ಲ, ಚೀನಾದಿಂದ ತಂದು ಬಿಟ್ಟದ್ದು, ಈಗ ಆ ರಾಜ್ಯದ ಹಕ್ಕಿಯೆಂಬ ಪಟ್ಟವೂ ಅದಕ್ಕೇ ಸಿಕ್ಕಿದೆ.

ವಾದಗಳೆಲ್ಲ ಸರಿಯಾಗಿಯೇ ಇವೆ. ಆದರೆ ಜೌಗುನೆಲ ಉಳಿಸಬೇಕೆಂದು ನಾನು ರಾತ್ರಿ ಒಂದರ ತನಕ ಸ್ಪ್ರಿಂಗು ನೋಡುತ್ತ ಕೂತಿರಲಿಲ್ಲ. ಹಾರುವ ಹಕ್ಕಿಯ ಮುಂದೆ ಬಿಟ್ಟ ಆ ಒಂದು ಮೊಳ ಸರಿಯಿತ್ತೋ ಇಲ್ಲವೋ ಎಂಬುದು ಖಾಲಿ ಬಂದೂಕಿನಲ್ಲಿ ಎಂದೂ ಗೊತ್ತಾಗುವುದಿಲ್ಲ. ಅದೊಂದು ತಿಳಿಯಬೇಕಿದೆ. ಅದಕ್ಕೆ ಬೆಲೆಯಾಗಿ ಒಂದು ಹಕ್ಕಿ ಕೆಳಗೆ ಬೀಳಬೇಕು. ಮಣ್ಣಿನ ತಟ್ಟೆ ಹಾರಿಸಿ ಹೊಡೆಯುವ ಆಟ ಇದೆಯಲ್ಲ ಎಂದು ಯಾರಾದರೂ ಕೇಳಬಹುದು, ನಾನೂ ಕೇಳಿಕೊಂಡೆ. ತಟ್ಟೆ ನೆಟ್ಟಗೆ ಹೋಗುತ್ತದೆ. ಮನಸ್ಸು ಒಪ್ಪಲಿಲ್ಲ, ಒಪ್ಪದಿದ್ದುದು ನನಗೇ ಹಿತವೆನಿಸಲಿಲ್ಲ.

ಹೋದ ವಾರ ಅವನಿಗೆ ಬೆರೆಟ್ಟಾ ತಗೋ ಅಂದೆ. ಬೆನೆಲ್ಲಿಯ ವಾಲ್‌ನಟ್ ಮರದ ಹಿಡಿ ಎಷ್ಟೇ ಚೆಂದವಿರಲಿ, ಹೊಸಬನಿಗೆ ಒದೆತ ಹೆಚ್ಚು, ಬೆಲೆಯೂ ಹೆಚ್ಚು, ಜೊತೆಗೆ ಆ ಕ್ಲಿಕ್ಕು. ಬೆರೆಟ್ಟಾ ಸ್ವಲ್ಪ ಭಾರವಿದ್ದರೇನು, ಭಾರದ ನಳಿಗೆ ಹೊಡೆದ ಮೇಲೂ ನಿಲ್ಲದೆ ತಿರುಗುತ್ತದೆ, ಮಸಿ ಒರೆಸಿಕೊಂಡರಾಯಿತು. ಕೊಂಡ ಮೇಲೆ ಮೊದಲು ದೊಡ್ಡ ಹಾಳೆ ಕಟ್ಟಿ ನಲವತ್ತು ಗಜದಿಂದ ಹೊಡೆದು ಚರೆ ಹೇಗೆ ಹರಡುತ್ತದೆ ನೋಡು, ಆಮೇಲೆ ಚೋಕು ಆರಿಸು ಅಂತಲೂ ಹೇಳಿದೆ. ಹಿಡಿಯ ಉದ್ದ ಮುಖ್ಯ, ತುದಿಯ ಬಿಲ್ಲೆ ತೆಗೆಸಿ ಆದಷ್ಟು ಗಿಡ್ಡ ಮಾಡಿಸು ಎಂದು ಅಳತೆಯನ್ನೂ ಕೊಟ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆರಡಿ ಎತ್ತರದ ಆಳು. "ಮಾವ, ಈ ಅಳತೆ ನನಗೆ ಗಿಡ್ಡ ಆಗುತ್ತಲ್ಲ" ಅಂದ. "ಪ್ರವಾಸಿ ವೀಸಾದಲ್ಲಿ ಬರೋರು ಬಂದೂಕು ಮುಟ್ಟಬೇಕಂದ್ರೆ ಇಲ್ಲಿನ ಬೇಟೆ ಲೈಸೆನ್ಸ್ ಇರಬೇಕು. ನಿಮ್ಮ ಹೆಸರಿಗೂ ಒಂದು ತೆಗೀಲಾ?"

"ತೆಗಿ" ಅಂದೆ. "ಹಿಡಿ ಅಕ್ಟೋಬರ್ ಮುಗಿಯೋ ತನಕ ಹಾಗೇ ಇರಲಿ. ನಿಮ್ಮತ್ತೆಗೆ ನಾನೇ ಹೇಳ್ತೀನಿ."