ಕುಬಟೂರಿನ ವಿಷಯೆಗೆ

ಮಾರಾಯ್ತಿ ವಿಷಯೆ,

ನಿನಗೆ ಕಾಗದ ಹಾಕಲು ವಿಳಾಸಕ್ಕೇನೂ ತೊಂದರೆಯಿಲ್ಲ: ಕುಬಟೂರು, ಆನವಟ್ಟಿ ಹತ್ತಿರ, ಸೊರಬ ತಾಲ್ಲೂಕು. ಚಂದ್ರಹಾಸನ ಕುಂತಳನಗರ ಇದೇ ಎಂದು ಊರವರು ಹೇಳಿಕೊಂಡು ಬಂದಿದ್ದಾರೆ. ಶಾಸನ ಹುಡುಕಿಕೊಂಡು ಬಂದ ರೈಸ್ ಸಾಹೇಬರೂ ಅದನ್ನು ಬರೆದಿಟ್ಟಿದ್ದಾರೆ. ಸುಮಾರು 1100ರ ಹೊತ್ತಿನ ಕೈಟಭೇಶ್ವರ ದೇವಸ್ಥಾನ ಗಟ್ಟಿಯಾಗಿಯೇ ನಿಂತಿದೆ. ಇಲ್ಲದಿರುವುದು ನೀನು. ಕವಿ ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಚಂದ್ರಹಾಸನ ಜೊತೆ ನಿನ್ನ ಮದುವೆ ಮಾಡಿಸಿದ, ಆಮೇಲೆ ನೀನು ಸಿಕ್ಕುವುದು ಬಯಲಾಟದ ರಂಗಸ್ಥಳದಲ್ಲಿ, ಅದೂ ಬೆಳಗಿನ ಜಾವದ ಒಳಗೆ.

ನಿನ್ನ ಹತ್ತಿರ ಒಬ್ಬಳ ವಿಚಾರ ಮಾತಾಡುವುದಿದೆ. ಜೂಲಿಯೆಟ್ ಅಂತ, ಇಟಲಿಯ ವೆರೋನಾದವಳು. 14 ತುಂಬಿರಲಿಲ್ಲ. ಅವಳ ಕಥೆಯಲ್ಲೂ ಕಾಗದವಿದೆ, ವಿಷವಿದೆ, ಹಟಮಾರಿ ಅಪ್ಪನಿದ್ದಾನೆ, ಇನ್ನೊಬ್ಬರಿಗೆ ಬರಬೇಕಾದ ಸಾವನ್ನು ತಾನು ತೆಗೆದುಕೊಳ್ಳುವ ಗೆಳೆಯನಿದ್ದಾನೆ. ಶೇಕ್ಸ್‌ಪಿಯರ್ ಅದನ್ನು ನಾಟಕ ಮಾಡಿದ. 1597ರಲ್ಲಿ ಮೊದಲ ಸಲ ಅಚ್ಚಾಯಿತು. ಅವನಿಗಿಂತ ಮುಂಚೆ, 1562ರಲ್ಲಿ, ಆರ್ಥರ್ ಬ್ರೂಕ್ ಬರೆದ ಕಾವ್ಯದಲ್ಲಿ ಈ ಪ್ರೀತಿ ತಿಂಗಳುಗಟ್ಟಲೆ ನಡೆಯುತ್ತದೆ. ಶೇಕ್ಸ್‌ಪಿಯರ್ ಅದನ್ನು ಹಿಂಡಿ ಐದು ದಿನಕ್ಕೆ ಇಳಿಸಿದ. ಭಾನುವಾರ ರಾತ್ರಿ ಅವಳೂ ರೋಮಿಯೋನೂ ಒಬ್ಬರನ್ನೊಬ್ಬರು ನೋಡಿದರು, ಸೋಮವಾರ ಮದುವೆ, ಗುರುವಾರ ಬೆಳಕು ಹರಿಯುವುದರೊಳಗೆ ಇಬ್ಬರೂ ಹೆಣ.

ಮೇಷ್ಟರುಗಳು ಇದಕ್ಕೆ ಒಂದೇ ಮಾತಿನ ತೀರ್ಪು ಬರೆಸುತ್ತಾರೆ: ಹುಡುಗುಬುದ್ಧಿ, ದುಡುಕು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕವೂ ಬರುತ್ತದೆ. ನನಗೆ ಆ ತೀರ್ಪಿನ ಮೇಲೆ ತಕರಾರಿದೆ, ನಿನ್ನಂಥವಳ ಮುಂದೆ ಅಲ್ಲದೆ ಇನ್ನೆಲ್ಲಿ ಹೇಳಲಿ?

ದುಡುಕಿದವಳು ನೀನೂ ಹೌದಲ್ಲವೇ. ತೋಟಕ್ಕೆ ಬಂದವಳು ಮರದಡಿ ಮಲಗಿದ್ದ ಅಪರಿಚಿತ ಚಂದ್ರಹಾಸನನ್ನು ನೋಡಿದೆ, ಅಲ್ಲಿಗೇ ಮನಸ್ಸು ಕೊಟ್ಟೆ. ಅವನ ಸೆರಗಿನಲ್ಲಿದ್ದ ಕಾಗದ ತೆಗೆದು ಓದಿದೆ. ನಿಮ್ಮಪ್ಪ ನಿನ್ನಣ್ಣ ಮದನನಿಗೆ ಬರೆದದ್ದು, ಇವನಿಗೆ ವಿಷ ಕೊಡು ಅಂತ. ನೀನು ಮನೆಗೆ ಓಡಿ ಯಾರನ್ನೂ ಕೇಳಲಿಲ್ಲ. ಕಣ್ಣಿನ ಕಾಡಿಗೆಯನ್ನು ಉಗುರಿಗೆ ತೆಗೆದು ವಿಷದ ಜಾಗಕ್ಕೆ ನಿನ್ನ ಹೆಸರು ಕೂರಿಸಿದೆ, ಮಾವಿನ ಅಂಟಿನಲ್ಲಿ ಮುಚ್ಚಿ ಇದ್ದಲ್ಲೇ ಇಟ್ಟೆ. ಒಬ್ಬನ ಜೀವ ಉಳಿಯಿತು. ಇದಕ್ಕಿಂತ ಅವಸರದ ಕೆಲಸ ವೆರೋನಾದಲ್ಲೂ ಯಾರೂ ಮಾಡಲಿಲ್ಲ.

ನಿನ್ನ ಸೀಮೆಯಲ್ಲಿ ಇದು ಹೊಸದೂ ಅಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ಓದಿಸಿಕೊಂಡರೆ, ವೇದ ಓದಲು ಕಂಚಿಗೆ ಹೋದ ಮಯೂರಶರ್ಮ ಒಬ್ಬ ಪಲ್ಲವ ರಾವುತನ ಜೊತೆ ಜಗಳಕ್ಕೆ ಬಿದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಸಿಗುತ್ತದೆ. ಆ ಸಿಟ್ಟಿನಿಂದ ಕದಂಬರ ರಾಜ್ಯವೇ ಹುಟ್ಟಿತು. ಅವನು ಆವತ್ತು ಸಮಾಧಾನ ಮಾಡಿಕೊಂಡಿದ್ದರೆ ಒಳ್ಳೆಯ ಉಪಾಧ್ಯಾಯನಾಗುತ್ತಿದ್ದನೇನೋ.

ಹಾಗಾದರೆ ವೆರೋನಾದಲ್ಲಿ ಕೊಂದದ್ದು ಯಾವುದು? ದೊಡ್ಡವರ ಅವಸರವನ್ನು ನೋಡು. ಜೂಲಿಯೆಟ್‌ಳ ಅಪ್ಪ ಅವಳಿಗೆ ಬೇರೆ ಗಂಡು ಗೊತ್ತುಮಾಡಿ ಗುರುವಾರಕ್ಕೆ ಮದುವೆ ಇಟ್ಟ. ಮಗಳು ಹೂಂ ಅಂದಂತೆ ನಟಿಸಿದ್ದೇ ಹಿಗ್ಗಿ ಬುಧವಾರಕ್ಕೆ ತಂದ. ಆ ಒಂದು ದಿನವೇ ಎಲ್ಲರ ಲೆಕ್ಕ ಕೆಡಿಸಿತು. ಆ ಮದುವೆ ತಪ್ಪಿಸಲು ಪಾದ್ರಿ ಕೊಟ್ಟ ಮದ್ದು 42 ಗಂಟೆ ಸತ್ತಂತೆ ಮಲಗಿಸುವಂಥದು. ಅವಳು ಅದನ್ನು ಒಂದು ರಾತ್ರಿ ಮೊದಲೇ ಕುಡಿಯಬೇಕಾಯಿತು. ಊರು ಬಿಟ್ಟು ಮಾಂಟುವಾದಲ್ಲಿದ್ದ ರೋಮಿಯೋಗೆ ನಿಜ ತಿಳಿಸುವ ಕಾಗದ ಒಯ್ಯಬೇಕಾದವನು ಪ್ಲೇಗಿನ ಅನುಮಾನದ ಮನೆಯೊಳಗೆ ಸಿಕ್ಕಿಬಿದ್ದ, ಹೊರಗಿನಿಂದ ಬಾಗಿಲಿಗೆ ಮುದ್ರೆ ಹಾಕಿದರು. ಅವಳು ಸತ್ತಳೆಂಬ ಸುಳ್ಳು ಸುದ್ದಿ ಕುದುರೆ ಹತ್ತಿ ಮೊದಲು ಮುಟ್ಟಿತು. ಮೆಲ್ಲಗೆ ನಡೆಯಿರಿ ಎಂದು ಬುದ್ಧಿ ಹೇಳಿದ ಪಾದ್ರಿಯೇ ಅವತ್ತೇ ಮಧ್ಯಾಹ್ನ ಇಬ್ಬರಿಗೂ ಮದುವೆ ಮಾಡಿಸಿದ್ದ. ಇವರನ್ನೆಲ್ಲ ಬಿಟ್ಟು ಮಕ್ಕಳನ್ನು ಮಾತ್ರ ದುಡುಕಿನವರು ಅನ್ನುವುದು ಯಾವ ನ್ಯಾಯ?

ನಿಮ್ಮಪ್ಪನೂ ಇದೇ ಜಾತಿ. (ದುಷ್ಟಬುದ್ಧಿ! ಯಾವ ತಾಯಿ ಮಗನಿಗೆ ಆ ಹೆಸರಿಟ್ಟಳೋ.) ಮನೆಗೆ ಬಂದು ನೋಡಿದರೆ ಕೊಲ್ಲಬೇಕಾದವನೇ ಅಳಿಯ. ಒಂದು ರಾತ್ರಿ ಕೂತು ಯೋಚಿಸಿದ್ದರೆ ಮಗಳ ತಾಳಿ ನೆನಪಾಗುತ್ತಿತ್ತು. ಅವನು ಕೂರಲಿಲ್ಲ. ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ನಿಲ್ಲಿಸಿ, ಬಂದವನನ್ನು ಕಡಿಯಿರಿ ಎಂದ; ಅಳಿಯನಿಗೆ ಅಲ್ಲಿಗೆ ಹೋಗಿ ಪೂಜೆ ಮಾಡಿ ಬಾ ಎಂದ. ಚಂದ್ರಹಾಸನಿಗೆ ಅರಮನೆಯಿಂದ ಕರೆ ಬಂತು, ಪೂಜೆಯ ತಟ್ಟೆ ಹಿಡಿದು ಅವನ ಬದಲು ಹೋದವನು ನಿನ್ನಣ್ಣ. ಮುಖ ನೋಡುವ ವ್ಯವಧಾನ ಅಲ್ಲಿ ಯಾರಿಗಿತ್ತು? ಮಗನ ಹೆಣ ಕಂಡು ಅಪ್ಪ ಕಂಬಕ್ಕೆ ತಲೆ ಒಡೆದುಕೊಂಡ. ದುಷ್ಟಬುದ್ಧಿಯ ವೇಷದಿಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ದೊಡ್ಡ ಕಲಾವಿದರು ಹೆಸರಾದದ್ದು ಸುಮ್ಮನೆ ಅಲ್ಲ; ಪ್ರಸಂಗವನ್ನು ಓಡಿಸುವುದೇ ಅವನ ಚಡಪಡಿಕೆ.

ರೋಮಿಯೋನನ್ನು ಪೂರಾ ಬಿಡಿಸಿಕೊಳ್ಳಲು ನನಗೆ ಆಗುವುದಿಲ್ಲ. ಗೆಳೆಯ ಮರ್ಕ್ಯೂಷಿಯೋ ಸತ್ತ ಸಿಟ್ಟಿನಲ್ಲಿ ಹೆಂಡತಿಯ ಸೋದರಸಂಬಂಧಿಯನ್ನೇ ಕೊಂದ. ಕೊನೆಗೆ ಸಮಾಧಿಯಲ್ಲಿ ಜೂಲಿಯೆಟ್‌ಳ ತುಟಿ ಕೆನ್ನೆ ಇನ್ನೂ ಕೆಂಪಾಗಿವೆ ಎಂದು ತಾನೇ ಬಾಯಿಬಿಟ್ಟು ಹೇಳುತ್ತಾನೆ; ಹೇಳಿಯೂ ವಿಷ ಕುಡಿಯುತ್ತಾನೆ. ಸ್ವಲ್ಪ ಹೊತ್ತು ಸುಮ್ಮನೆ ಅಳುತ್ತ ಕೂತಿದ್ದರೆ ಸಾಕಿತ್ತು, ಅವಳು ಎದ್ದು ಕೂರುತ್ತಿದ್ದಳು.

ಸುಮ್ಮನೆ ಕೂತವನೊಬ್ಬ ನಿನ್ನೂರಿನಿಂದ ಆಗ್ನೇಯಕ್ಕೆ, ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವೆಯಲ್ಲಿದ್ದ. ಅಲ್ಲಮ, ಗುಡಿಯಲ್ಲಿ ಮದ್ದಳೆ ಬಾರಿಸುವವನು. ಕವಿ ಹರಿಹರ ಹೇಳುವಂತೆ ಅವನೂ ಕಮಲತೆ ಎಂಬವಳನ್ನು ಕಂಡ ಕೂಡಲೇ ಸೋತ, ಮದುವೆಯೂ ಆಯಿತು. ಅವಳು ಜ್ವರ ಬಂದು ತೀರಿಕೊಂಡಳು. ಇಲ್ಲಿ ಪಾದ್ರಿಯ ಮದ್ದಿರಲಿಲ್ಲ, ಅವಳು ಮತ್ತೆ ಕಣ್ಣು ಬಿಡುವ ಆಸೆಯೂ ಇರಲಿಲ್ಲ. ರೋಮಿಯೋಗಿಂತ ಅಲ್ಲಮನಿಗೆ ಸಾಯಲು ಕಾರಣ ಹೆಚ್ಚೇ ಇತ್ತು ಅನ್ನು. ಅವನು ಹುಚ್ಚನ ಹಾಗೆ ಅಲೆದ. ಒಂದು ತೋಟದಲ್ಲಿ ಕೂತು, ಏನೂ ಮಾಡಲು ತೋಚದೆ, ಕಾಲಿನ ಉಗುರಿನಿಂದ ನೆಲ ಕೆರೆಯುತ್ತ ಇದ್ದ. ಮಣ್ಣಿನೊಳಗಿಂದ ಚಿನ್ನದ ಕಳಸದ ತುದಿ ಕಂಡಿತು. ಅಗೆಸಿದರೆ ಕೆಳಗೆ ಗುಡಿ, ಬಾಗಿಲಾಚೆ ಅವನ ಗುರುವಾಗಲಿದ್ದ ಅನಿಮಿಷಯ್ಯ. ಮುಂದೆ ಅವನು ಪ್ರಭುದೇವನಾದದ್ದು ಎಲ್ಲರಿಗೂ ಗೊತ್ತು. ನನಗೆ ಹಿಡಿಸುವುದು ಅದಕ್ಕೂ ಮೊದಲಿನ ಗಳಿಗೆ, ಏನೂ ಗುರಿಯಿಲ್ಲದೆ ನೆಲ ಕೆರೆಯುತ್ತ ಕೂತ ಆ ಗಂಡಸು. ಶೇಕ್ಸ್‌ಪಿಯರನ ಐದು ದಿನಗಳಲ್ಲಿ ಒಬ್ಬನಿಗೂ ಅಷ್ಟು ಬಿಡುವು ಸಿಕ್ಕಲಿಲ್ಲ.

ಕನ್ನಡದವರು ಆ ಸಾವನ್ನು ಸುಲಭಕ್ಕೆ ಒಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. 1889ರಲ್ಲಿ ಆನಂದರಾವ್ ಎಂಬವರು ಈ ನಾಟಕವನ್ನು ‘ರಾಮವರ್ಮ ಲೀಲಾವತಿ’ ಮಾಡಿದಾಗ, ಕೊನೆಯಲ್ಲಿ ವಿಷ್ಣುವನ್ನು ಕರೆಸಿ ಇಬ್ಬರನ್ನೂ ಎಬ್ಬಿಸಿಬಿಟ್ಟರು. ಓದಿದವರು ಇದಕ್ಕೆ ನಗುತ್ತಾರೆ. ಆದರೆ ನಿನ್ನ ಕಥೆ ಕೇಳಿ ಬೆಳೆದವರಿಗೆ ಬೇರೆ ಹೇಗೆ ಮುಗಿಸಲು ಬರುತ್ತಿತ್ತು? ಅಲ್ಲೂ ಚಂದ್ರಹಾಸ ತನ್ನ ತಲೆ ಕೊಡಲು ಹೊರಟಾಗ ದೇವಿ ಪ್ರತ್ಯಕ್ಷಳಾಗಿ ಮದನನನ್ನೂ ನಿಮ್ಮಪ್ಪನನ್ನೂ ಬದುಕಿಸುತ್ತಾಳೆ. ನಮ್ಮ ಜಿಲ್ಲೆಯ ಕುವೆಂಪು ಹ್ಯಾಮ್ಲೆಟನನ್ನು ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು, ರೋಮಿಯೋನ ಗೊಡವೆಗೆ ಹೋಗಲಿಲ್ಲ. ನಾಟಕ ಮಾಡಲು ಚಂದ್ರಹಾಸನನ್ನೇ ಆರಿಸಿಕೊಂಡರು.

ಸತ್ತವರನ್ನು ಎಬ್ಬಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆ ಗಡಿಬಿಡಿಯಲ್ಲಿ ನಿನ್ನ ಪಾಲಿನ ದುಃಖ ಮಾಯವಾಯಿತು ಅನ್ನುವುದೇ ನನ್ನ ಕೊರಗು. ಒಂದೇ ರಾತ್ರಿ ಅಣ್ಣ ಹೋದ, ಅಪ್ಪ ಹೋದ. ಹಿಂದಕ್ಕೆ ಹುಡುಕಿಕೊಂಡು ಹೋದರೆ ನಿನ್ನ ಉಗುರಿನ ಕಾಡಿಗೆವರೆಗೂ ದಾರಿ ಇದೆ. ಜೂಲಿಯೆಟ್‌ಗೆ ಕೊನೆಯಲ್ಲಿ ನಾಲ್ಕು ಮಾತಾದರೂ ಸಿಕ್ಕವು. ನಿನಗೆ, ನಾನು ಕಂಡ ಆಟಗಳಲ್ಲಿ, ಅದೂ ಇಲ್ಲ. ದೇವಿ ಬಂದಳು, ಮಂಗಳ ಹಾಡಿದರು, ಚೌಕಿಗೆ ಹೋದರು. ಕೊಲ್ಲಿಸಲು ಹೊರಟ ಅಪ್ಪ ಎದ್ದು ಕೂತ ಮೇಲೆ ಅವನ ಮುಂದೆ ನೀನು ಏನಂದೆ?

ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಳೆ ಕೂರುತ್ತದೆ. ಅಲ್ಲಿ ಪದ್ಯ ಭಾಗವತರದು, ಅರ್ಥ ಹೇಳುವವನ ಮಾತು ಅವನದೇ. ಈ ಸಲ ಚಂದ್ರಹಾಸ ಚರಿತ್ರೆ ಇಟ್ಟರೆ, ದುಷ್ಟಬುದ್ಧಿ ಎದ್ದ ಮೇಲೆ ಹದಿನೈದು ನಿಮಿಷ ವಿಷಯೆಗೆ ಬಿಟ್ಟುಕೊಡಿ ಎಂದು ಕೇಳುವವನಿದ್ದೇನೆ. ಆ ಅರ್ಥಕ್ಕೆ ಒಳ್ಳೆಯ ಹೆಣ್ಣುಮಗಳನ್ನೇ ಕರೆಸಬೇಕು.

ಇತಿ,
ಸೊರಬದ ಕಡೆಯವ