ಪ್ರಶಸ್ತಿ ಬಂತು, ಸಿನಿಮಾ ಎಲ್ಲಿ?

ಟೀವಿಯಲ್ಲಿ ಬರುವ ಪ್ರಶಸ್ತಿ ಸಮಾರಂಭಗಳಲ್ಲಿ ಇವತ್ತಿಗೂ ಕೂತು ನೋಡಬೇಕು ಅನ್ನಿಸುವುದು ನನಗೆ ಒಂದೇ: ದೆಹಲಿಯ ವಿಜ್ಞಾನ ಭವನದಲ್ಲಿ ನಡೆಯುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರದಾನ. ಖಾಸಗಿ ಚಾನೆಲ್ಲುಗಳ ಸಮಾರಂಭ ಯಾವತ್ತೋ ನಡೆದಿರುತ್ತದೆ. ಅದನ್ನು ಕತ್ತರಿಸಿ, ಜೋಡಿಸಿ, ನಡುನಡುವೆ ಕುಣಿತ ಸೇರಿಸಿ, ನಿಧಾನಕ್ಕೆ ನಮಗೆ ತೋರಿಸುತ್ತಾರೆ. ದೂರದರ್ಶನದ್ದು ಹಾಗಲ್ಲ. ಹೆಸರು ಕರೆಯುತ್ತಾರೆ, ಕರೆಸಿಕೊಂಡವರು ಎದ್ದು ಬರುತ್ತಾರೆ, ರಾಷ್ಟ್ರಪತಿಗಳಿಂದ ಪದಕ ಪಡೆದು ಇಳಿದು ಹೋಗುತ್ತಾರೆ. ಕುರ್ಚಿಯಿಂದ ವೇದಿಕೆಯವರೆಗಿನ ಆ ನಾಲ್ಕು ಹೆಜ್ಜೆ ಇದೆಯಲ್ಲ, ಅಷ್ಟರಲ್ಲಿ ಮನುಷ್ಯ ಪೂರ್ತಿ ಕಂಡುಬಿಡುತ್ತಾನೆ. ಸಾವಿರ ಜನರ ಎದುರು ಅಭಿನಯಿಸಿದವರಿಗೂ ಅಲ್ಲಿ ಕೈ ಎಲ್ಲಿಡಬೇಕೆಂದು ತೋಚುವುದಿಲ್ಲ.

2024ರ ಅಕ್ಟೋಬರ್ 8ರಂದು 70ನೇ ವರ್ಷದ ಪ್ರಶಸ್ತಿಗಳನ್ನು ಕೊಟ್ಟರು. ಹೆಸರುಗಳು ಆಗಸ್ಟ್ 16ರಂದೇ, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಪ್ರಕಟವಾಗಿದ್ದವು. ಕೊಡುವ ಹೊತ್ತಿಗೆ ನವರಾತ್ರಿ. ಮಕ್ಕಳಿಗೆ ದಸರಾ ರಜೆ. ಭದ್ರಾವತಿಯ ನಮ್ಮ ಮನೆಗೆ ಗೊಂಬೆ ನೋಡಲು ಬಂದವರು ಕಡಲೆಕಾಳು ಉಸಲಿಯ ದೊನ್ನೆ ಹಿಡಿದುಕೊಂಡು ಟೀವಿ ಮುಂದೆಯೇ ಕೂತರು.

"ರಿಷಬ್ ಶೆಟ್ಟಿ ಬರೋದು ಯಾವಾಗ ದೊಡ್ಡಪ್ಪ?" ಮಕ್ಕಳದ್ದು ಅದೊಂದೇ ಪ್ರಶ್ನೆ.

ನಾನು ಕಾಯುತ್ತಿದ್ದದ್ದು ಇನ್ನೊಂದು ಹೆಸರಿಗೆ: ಸುರೇಶ್ ಅರಸ್. ಬಸ್ತಿ ದಿನೇಶ್ ಶೆಣೈ ನಿರ್ದೇಶಿಸಿದ 'ಮಧ್ಯಂತರ' ಎಂಬ ಕನ್ನಡದ ಕಿರುಚಿತ್ರಕ್ಕೆ ಕಥೇತರ ವಿಭಾಗದಲ್ಲಿ ಎರಡು ಪ್ರಶಸ್ತಿ ಬಂದಿತ್ತು. ಚೊಚ್ಚಲ ನಿರ್ದೇಶನಕ್ಕೆ ಶೆಣೈ ಅವರಿಗೊಂದು, ಸಂಕಲನಕ್ಕೆ ಅರಸ್ ಅವರಿಗೊಂದು. ಇದೇ ಅರಸ್ ಅವರು ಮಣಿರತ್ನಂ ಅವರ 'ಬಾಂಬೆ' ಚಿತ್ರದ ಸಂಕಲನಕ್ಕೆ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದವರು. ಡಾ. ರಾಜ್‌ಕುಮಾರ್ ಅವರಿಗೆ ದಾದಾಸಾಹೇಬ್ ಫಾಲ್ಕೆ ಸಂದದ್ದೂ ಅದೇ ಸಾಲಿನಲ್ಲಿ. ದೊಡ್ಡ ಸಿನಿಮಾದಲ್ಲಿ ಅಷ್ಟು ಹೆಸರು ಮಾಡಿದ ಕೈ, ಎಷ್ಟೋ ವರ್ಷಗಳ ಮೇಲೆ ಹೊಸಬರೊಬ್ಬರ ಪುಟ್ಟ ಚಿತ್ರಕ್ಕೆ ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿದೆ ಅಂದರೆ ನನಗೆ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಸಂಕಲನಕಾರ, ಶಬ್ದ ಹಿಡಿಯುವವರು, ಬಣ್ಣ ಹಚ್ಚುವವರು, ಇವರ ಮುಖ ನಾವು ನೋಡುವುದೇ ಈ ಒಂದು ದಿನ. ಕ್ಯಾಮೆರಾದವರು ಅವರ ಮೇಲೆ ಇನ್ನೊಂದೆರಡು ಗಳಿಗೆ ನಿಲ್ಲಬೇಕು. ಸಭೆಯಲ್ಲಿ ಕೂತ ತಾರೆಯರನ್ನು ಹುಡುಕಿಕೊಂಡು ಹೋಗಬಾರದು.

ಹೀಗೆ ಹೇಳುವಾಗ 2018ರ ಮೇ ತಿಂಗಳು ನೆನಪಾಗುತ್ತದೆ. ಆ ವರ್ಷ ರಾಷ್ಟ್ರಪತಿಗಳು 11 ಮಂದಿಗೆ ಮಾತ್ರ ಕೊಡುತ್ತಾರೆ, ಮಿಕ್ಕವರಿಗೆ ಸಚಿವರು ಕೊಡುತ್ತಾರೆ ಅಂತ ಕೊನೆ ಗಳಿಗೆಯಲ್ಲಿ ತಿಳಿಸಿದರು. ಐವತ್ತಕ್ಕೂ ಹೆಚ್ಚು ಜನ ಸಮಾರಂಭಕ್ಕೆ ಹೋಗಲಿಲ್ಲ. ಅವರು ಮಾಡಿದ್ದು ಸರಿ. ತಂದೆ ತಾಯಿಯನ್ನು ಕರೆದುಕೊಂಡು ದೂರದ ಊರಿನಿಂದ ರೈಲು ಹತ್ತಿ ಬಂದವನಿಗೆ ಆ ಹನ್ನೊಂದರ ಲೆಕ್ಕ ಯಾಕೆ ಬೇಕು? 'ಮಾರ್ಚ್ 22' ಚಿತ್ರದ ಹಾಡಿಗಾಗಿ ನಮ್ಮ ಜೆ.ಎಂ. ಪ್ರಹ್ಲಾದ್ ಅವರಿಗೆ ಶ್ರೇಷ್ಠ ಗೀತರಚನೆಯ ಪ್ರಶಸ್ತಿ ಬಂದದ್ದು ಆ ಸಾಲಿನಲ್ಲೇ. ಗಲಾಟೆಯ ಸುದ್ದಿಯಲ್ಲಿ ಕನ್ನಡದ ಹಾಡಿಗೆ ಸಿಕ್ಕ ಆ ಮರ್ಯಾದೆ ಮುಚ್ಚಿಹೋಯಿತು.

ಇರಲಿ, ಟೀವಿಗೆ ಬರೋಣ. ಗುಜರಾತಿ ಚಿತ್ರ 'ಕಚ್ ಎಕ್ಸ್‌ಪ್ರೆಸ್'ನ ಮಾನಸಿ ಪಾರೇಖ್ ವೇದಿಕೆಯ ಮೇಲೆ ಅತ್ತುಬಿಟ್ಟರು. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಸಮಾಧಾನ ಮಾಡಿದರು. ಪಕ್ಕದ ಮನೆಯ ಅಜ್ಜಿ, "ಅಯ್ಯೋ, ಯಾರ ಮಗಳೋ ಏನೋ, ಎಷ್ಟು ಕಷ್ಟಪಟ್ಟಿದ್ದಳೋ" ಅಂತ ಸೆರಗಿನಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು. ಶ್ರೇಷ್ಠ ನಟಿ ಪ್ರಶಸ್ತಿಯನ್ನು ಮಾನಸಿ ಜೊತೆ ಹಂಚಿಕೊಂಡವರು ಬೆಂಗಳೂರಿನಲ್ಲೇ ಬೆಳೆದ ನಿತ್ಯಾ ಮೆನನ್. ಅವರು ಆಗ ಒಂದು ತಮಿಳು ಚಿತ್ರದ ಚಿತ್ರೀಕರಣದಲ್ಲಿದ್ದರಂತೆ. ಅದಕ್ಕಾಗಿ ಸಗಣಿ ತಟ್ಟುವುದು ಕಲಿತು, ಉಗುರಿನ ಸಂದಿಯಲ್ಲಿ ಸಗಣಿ ಇರುವಾಗಲೇ ಪ್ರಶಸ್ತಿ ತೆಗೆದುಕೊಳ್ಳಲು ಹೋಗಿದ್ದೆ ಅಂತ ಆಮೇಲೆ ಸಂದರ್ಶನದಲ್ಲಿ ಹೇಳಿದರು. ಅಜ್ಜಿಗೆ ಇದನ್ನು ಓದಿ ಹೇಳಿದಾಗ, "ಕೆಲಸ ಮಾಡೋ ಕೈ ಅಂದ್ರೆ ಅದು" ಅಂದರು. ಮಿಥುನ್ ಚಕ್ರವರ್ತಿ ಕೈಗೆ ಪಟ್ಟಿ ಕಟ್ಟಿಕೊಂಡೇ ಫಾಲ್ಕೆ ಪ್ರಶಸ್ತಿಗೆ ಬಂದಿದ್ದರು. ಮೈಬಣ್ಣದ ಬಗ್ಗೆ ಜನ ಆಡಿದ ಮಾತುಗಳನ್ನೆಲ್ಲ ನೆನೆದು ಮಾತಾಡಿದರು. ಕಪ್ಪಗಿದ್ದಾರೆ ಅಂತ ನಾಟಕದ ಪಾತ್ರದಿಂದ ಬಿಡಿಸಿದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರು ಆ ಮಾತು ಕೇಳಿಸಿಕೊಂಡಿರಲಿ ಅನ್ನಿಸಿತು.

'ಕಾಂತಾರ'ದ ಹೆಸರು ಎರಡು ಸಲ ಕೇಳಿತು: ರಿಷಬ್‌ಗೆ ಶ್ರೇಷ್ಠ ನಟ, ಚಿತ್ರಕ್ಕೆ ಶ್ರೇಷ್ಠ ಜನಪ್ರಿಯ ಚಿತ್ರ. ಮಕ್ಕಳ ಕೂಗಿಗೆ ಗೊಂಬೆ ಮೆಟ್ಟಿಲಿನ ಕಳಶ ಅಲ್ಲಾಡಿತು. ಕನ್ನಡ ಚಿತ್ರದ ಅಭಿನಯಕ್ಕೆ ಈ ಪ್ರಶಸ್ತಿ ಸಿಕ್ಕಿದ್ದು ಇದು ನಾಲ್ಕನೇ ಸಲ. 1975ರ 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್, 1986ರ 'ತಬರನ ಕಥೆ'ಗೆ ಚಾರುಹಾಸನ್, 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ವಿಜಯ್ ನಮಗೆ ಪಕ್ಕದ ಸೀಮೆಯವರು. ಇಲ್ಲಿಂದ ತರೀಕೆರೆ, ಬೀರೂರು ದಾಟಿದರೆ ಕಡೂರು, ಆ ತಾಲ್ಲೂಕಿನ ಪಂಚನಹಳ್ಳಿ ಅವರ ಊರು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದರು. ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ರಿಷಬ್ ವೇದಿಕೆ ಏರಿದಾಗ ನನಗೆ ಆ ಹುಡುಗನ ಮುಖವೂ ಜೊತೆಗೆ ಕಂಡಿತು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಬದುಕನ್ನು ಅಷ್ಟು ಘನತೆಯಿಂದ ಅಭಿನಯಿಸಿದ್ದನ್ನು ನೋಡಿದ ಮೇಲೆ, ನಮ್ಮ ಬಸ್ ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವವರನ್ನು ಮುಖ ಕೊಟ್ಟು ಮಾತಾಡಿಸಲು ಕಲಿತವರು ನನಗೆ ಗೊತ್ತು.

ಎಲ್ಲ ಮುಗಿಯಿತು. ತಮ್ಮನ ಮಗಳು ಕೇಳಿದಳು: "ದೊಡ್ಡಪ್ಪ, ಆ ಮಧ್ಯಂತರ ಅನ್ನೋದು ಎಲ್ಲಿ ನೋಡೋದು?"

ಅವಳ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಕಾಲದಲ್ಲಿ ಇದಕ್ಕೆ ಉತ್ತರ ಇತ್ತು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರ ಬರುತ್ತಿತ್ತು. ಒಂದು ವಾರ ಮಲಯಾಳಂ, ಒಂದು ವಾರ ಬಂಗಾಳಿ, ಅಸ್ಸಾಮಿ, ಕೆಳಗೆ ಇಂಗ್ಲಿಷ್ ಅಕ್ಷರ. ಪ್ರಶಸ್ತಿ ಪಡೆದ ಚಿತ್ರಗಳನ್ನು ನಾನು ನೋಡಿದ್ದು ಹೆಚ್ಚಾಗಿ ಹಾಗೆ, ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಟೀವಿ ಇದ್ದವರ ಮನೆಯ ಹಜಾರದಲ್ಲಿ. ಪೂರ್ಣಚಂದ್ರ ತೇಜಸ್ವಿ ಅವರ ಕತೆಯಿಂದ ಗಿರೀಶ ಕಾಸರವಳ್ಳಿ ಮಾಡಿದ 'ತಬರನ ಕಥೆ' ನೋಡಿದ್ದೂ ಹಾಗೇ. ಹೆಂಡತಿಯ ಕಾಲು ಉಳಿಸಲು ಪಿಂಚಣಿ ದುಡ್ಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ. ಭದ್ರಾವತಿ ದುಡಿದು ನಿವೃತ್ತರಾದವರ ಊರು. ನೋಡುತ್ತ ಕೂತ ಹಿರಿಯರು ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಒಬ್ಬರು, "ಇವ್ನು ನಮ್ಮ ಲೈನಿನ ಮನುಷ್ಯನೇ ಕಣಪ್ಪ" ಅಂದರು. ಆ ಚಿತ್ರಕ್ಕೆ ಸ್ವರ್ಣ ಕಮಲ ಬಂದಿತ್ತು ಅನ್ನುವುದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ. ಪ್ರಶಸ್ತಿ ಮಾಡಬೇಕಾದ ಕೆಲಸವನ್ನಂತೂ ಮಾಡಿತ್ತು. ಚಿತ್ರ ಅವರ ಹಜಾರದವರೆಗೆ ಬಂದಿತ್ತು.

ಸ್ವರ್ಣ ಕಮಲ ಅಂದಾಗ ನಮ್ಮ ಜಿಲ್ಲೆಯವರು ಎದೆ ತಟ್ಟಿ ಹೇಳಬೇಕಾದ ಮಾತಿದೆ. ಕಾಸರವಳ್ಳಿ ತೀರ್ಥಹಳ್ಳಿ ಸೀಮೆಯ ಕೆಸಲೂರಿನವರು. 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ', ಹೀಗೆ ನಾಲ್ಕು ಸಲ ದೇಶದ ಅತ್ಯುತ್ತಮ ಚಿತ್ರ ಅವರದ್ದು. ಅದಕ್ಕೂ ಮುಂಚೆ, 1970ರಲ್ಲಿ, ಕನ್ನಡಕ್ಕೆ ಆ ಗೌರವವನ್ನು ಮೊದಲು ತಂದ 'ಸಂಸ್ಕಾರ'ದ ಕಾದಂಬರಿಕಾರ ಅನಂತಮೂರ್ತಿ ಮೇಳಿಗೆಯವರು. 'ಪಲ್ಲವಿ'ಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದ ಲಂಕೇಶ್ ಕೊನಗವಳ್ಳಿಯವರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಯುವವರಿಗೆ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ತೋರಿಸಿದರು. ಒಳ್ಳೆಯ ಸಿನಿಮಾ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಅನ್ನುವ ಮಾತಿಗೆ ಆ ಊರೇ ಉತ್ತರ. ಇಂಥ ಜಿಲ್ಲೆಯ ಹುಡುಗಿಗೆ ಪ್ರಶಸ್ತಿಯ ಸಮಾರಂಭ ಮನೆಯೊಳಗೆ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ನನಗೆ ನಿಜವಾಗಿ ನೋವಾಗುವುದು ಇಲ್ಲಿ.

ಅದರಲ್ಲೂ 'ದ್ವೀಪ'. ಲಿಂಗನಮಕ್ಕಿಯ ಹಿನ್ನೀರು ಕಂಡ, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ ಸಾಗರದ ನಾ. ಡಿಸೋಜ ಅವರ ಕಾದಂಬರಿ ಅದು. ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದ ಒಂದು ಸಂಸಾರ. ಚೋಮನಾಗಿದ್ದ ವಾಸುದೇವರಾವ್ ಅಲ್ಲಿ ದುಗ್ಗಜ್ಜ. ಸೌಂದರ್ಯ ನಾಗಿ, ಚಿತ್ರದ ನಿರ್ಮಾಪಕಿಯೂ ಅವರೇ. ಮಳೆಯನ್ನು ಹಾಗೆ ಹಿಡಿದದ್ದಕ್ಕೆ ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ಪ್ರಶಸ್ತಿ ಬಂತು. ಭದ್ರಾವತಿಯವರು ಈ ಚಿತ್ರವನ್ನು ನೋಡಲೇಬೇಕು ಅನ್ನುವುದಕ್ಕೆ ನನ್ನ ಬಳಿ ಕಾರಣವಿದೆ. ನಮ್ಮ ಕಬ್ಬಿಣದ ಕಾರ್ಖಾನೆಯಲ್ಲಿ ವಿದ್ಯುತ್ ಕುಲುಮೆ ಉರಿದದ್ದು ಶರಾವತಿಯ ಕರೆಂಟಿನಿಂದ. ಆ ನದಿಯ ದುಡಿಮೆಯಲ್ಲಿ ನಮ್ಮ ಮನೆಯ ಅನ್ನವೂ ಇದೆ. ನದಿಗೆ ಅಣೆಕಟ್ಟು ಬಂದಾಗ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇದೇ ಜಿಲ್ಲೆಯ ಕಾಡಂಚಿನ ಊರುಗಳಲ್ಲಿದ್ದಾರೆ, ಹಕ್ಕುಪತ್ರಕ್ಕಾಗಿ ಇವತ್ತೂ ಕೇಳುತ್ತಿದ್ದಾರೆ. ಅವರ ಮನೆಯ ಕತೆ ದೇಶಕ್ಕೇ ಅತ್ಯುತ್ತಮ ಅನ್ನಿಸಿಕೊಂಡಿತು. ಅದನ್ನು ಅವರ ಜೊತೆ ಕೂತು ನಾವು ಒಂದು ಸಲವಾದರೂ ನೋಡಬೇಡವೇ?

ಇದೇನೂ ದೊಡ್ಡ ಖರ್ಚಿನ ಕೆಲಸವಲ್ಲ. ಪ್ರಶಸ್ತಿ ಕೊಟ್ಟ ವಾರವೇ ಆ ವರ್ಷದ ಕನ್ನಡ ಚಿತ್ರಗಳನ್ನು, ಕಿರುಚಿತ್ರವನ್ನೂ ಸೇರಿಸಿ, ಚಂದನ ವಾಹಿನಿಯಲ್ಲಿ ಹಾಕಬಹುದು. ಹಕ್ಕು ತೆಗೆದುಕೊಳ್ಳಲು ದುಡ್ಡು ಬೇಕು, ಕೊಡಲಿ. ಪ್ರಶಸ್ತಿಯ ದುಡ್ಡಿಗಿಂತ ನಿರ್ಮಾಪಕನಿಗೆ ಅದೇ ಹೆಚ್ಚು ಆಸರೆ. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ದಸರಾ ರಜೆಯ ಒಂದು ಸಂಜೆ ಪರದೆ ಕಟ್ಟಿದರೂ ಸಾಕು. ಭದ್ರಾವತಿಯಿಂದ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ತಂದ 'ಗುಲಾಬಿ ಟಾಕೀಸ್'ನಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬಂದಾಗ, ಮೀನುಗಾರರ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಸೇರಿ ನೋಡುವ ಆಸೆ ಜನರಲ್ಲಿ ಇದ್ದೇ ಇದೆ. ತೋರಿಸುವವರು ಬೇಕು.

ಚಂದನಕ್ಕೆ ಕಾಗದ ಬರೆದಿದ್ದೇನೆ. ತಮ್ಮನ ಮಗಳು ಅದರ ಕೆಳಗೆ ತನ್ನ ಕೈಬರಹದಲ್ಲಿ 'ಮಧ್ಯಂತರ'ದ ಹೆಸರು ಸೇರಿಸಿದಳು. ಅಜ್ಜಿ, "ಆ ಮುಳುಗಡೆ ಸಿನಿಮಾನ ಮೊದಲು ಹಾಕಕ್ಕೆ ಹೇಳು, ನನ್ನ ತವರು ಆ ಕಡೇದು" ಅಂದರು. ಹಾಗಾಗಿ ಪಟ್ಟಿಯಲ್ಲಿ 'ದ್ವೀಪ' ಮೊದಲು ಇದೆ.