ಸೂಟ್‌ಕೇಸ್ ಅಳತೆಯ ಶಾರದೆ

ನಮ್ಮ ಮನೆಯ ಲಿವಿಂಗ್ ರೂಮಿನ ದೊಡ್ಡ ಗೋಡೆ 14 ಅಡಿ ಅಗಲ. ನನ್ನ ಅಪ್ಪ ಬರೆದ ಶಾರದೆಯ ಚಿತ್ರ 14 ಇಂಚು ಅಗಲ. ಈ ಅಡಿಗೂ ಇಂಚಿಗೂ ನಡುವೆ ನಾನು ಎರಡು ವರ್ಷ ಒದ್ದಾಡಿದೆ. ಹೊಸ ಮನೆಗೆ ಹೋಗಿ, ಖಾಲಿ ಗೋಡೆಯ ಮುಂದೆ ಕೈಕಟ್ಟಿ ನಿಂತವರಿಗೆ ನನ್ನ ಒದ್ದಾಟದಿಂದ ಏನಾದರೂ ಉಪಯೋಗವಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದವರು. ನಿವೃತ್ತಿಯಾದ ಮೇಲೆ ಬೆಳಗಿನ ವಾಕಿಂಗು, ಪೇಪರು, ಮಧ್ಯಾಹ್ನದ ನಿದ್ದೆ ಇಷ್ಟರಲ್ಲಿ ದಿನ ಮುಗಿಯುವುದಿಲ್ಲ ಎಂದು ಮೈಸೂರು ಶೈಲಿಯ ಚಿತ್ರಕಲೆಯ ತರಗತಿಗೆ ಸೇರಿಕೊಂಡರು. ಮೂರು ವರ್ಷ ಗಣಪತಿ, ಕೃಷ್ಣ ಎಂದು ಕೈ ಪಳಗಿಸಿಕೊಂಡು, ಒಂದು ದಿನ ಫೋನಿನಲ್ಲಿ, "ನಿನಗೊಂದು ಶಾರದೆ ಬರೀತೀನಿ. ಎಷ್ಟು ದೊಡ್ಡದು ಬೇಕಮ್ಮ?" ಎಂದು ಕೇಳಿದರು.

ಆಗ ನಾವು ಸನಿವೇಲ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೂ ಬಿಟ್ಟುಹೋಗುವಾಗ ಡೆಪಾಸಿಟ್‌ನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೋ ಎಂಬ ಯೋಚನೆ. ಹಾಗಾಗಿ ನನ್ನ ತಲೆಯಲ್ಲಿ ಗೋಡೆಯೇ ಇರಲಿಲ್ಲ, ವಿಮಾನ ಇತ್ತು. "ಸೂಟ್‌ಕೇಸಿನಲ್ಲಿ ಹಿಡಿಸೋಷ್ಟು ಬರೀರಿ ಅಪ್ಪ, ಸಾಕು" ಎಂದೆ. ಚೆಕ್-ಇನ್ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಎಲ್ಲ ಕೂಡಿ 62 ಇಂಚು ಮೀರಬಾರದು ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ ತಾನೆ? ಅಪ್ಪ ತಮ್ಮ ಹಳೇ ಪೆಟ್ಟಿಗೆಯನ್ನು ಅಳೆದು ನೋಡಿ, ಸುತ್ತ ಸೀರೆ ಸುತ್ತಲು ಜಾಗ ಬಿಟ್ಟು, 14 ಇಂಚು ಅಗಲ, 18 ಇಂಚು ಎತ್ತರ ಎಂದು ನಿಶ್ಚಯ ಮಾಡಿದರು.

ಐದು ತಿಂಗಳು ಬರೆದರು. ಮೊದಲು ರೇಖೆ. ಹಿಂದೆ ಇದಕ್ಕೆ ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲು ಬಳಸುತ್ತಿದ್ದರಂತೆ, ಅಪ್ಪನದು ಪೆನ್ಸಿಲ್. ಆಮೇಲೆ ಬಣ್ಣ. ಆಮೇಲೆ ಒಡವೆ, ಕಿರೀಟ, ಪ್ರಭಾವಳಿಗಳ ಮೇಲೆ ಸಣ್ಣ ಕುಂಚದಿಂದ ಜೆಸ್ಸೋ ಎಳೆದು ಉಬ್ಬು ತಂದು, ಅದರ ಮೇಲೆ ಚಿನ್ನದ ಹಾಳೆ ಅಂಟಿಸುವುದು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ. ಮೈಸೂರಿನದು ತೆಳು, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಶಾರದೆಯ ಮೂಗುತಿಗೆ ಒಂದು ಬೆಳಗ್ಗೆಯೆಲ್ಲ ಹಿಡಿಯಿತು ಎಂದು ಅಮ್ಮ ಫೋನಿನಲ್ಲಿ ಗೊಣಗಿದ್ದು ನೆನಪಿದೆ.

ಚಿತ್ರ ಬಂತು. ನಾಲ್ಕು ವರ್ಷ ಅಪಾರ್ಟ್‌ಮೆಂಟಿನ ಪುಸ್ತಕದ ಕಪಾಟಿನ ಮೇಲೆ ಒರಗಿ ಕೂತಿತ್ತು. ನಂತರ ಫ್ರೀಮಾಂಟ್‌ನಲ್ಲಿ ಮನೆ ಕೊಂಡೆವು. ಗೃಹಪ್ರವೇಶದ ಹಿಂದಿನ ದಿನ ಮೊಟ್ಟಮೊದಲು ಮಾಡಿದ ಕೆಲಸ ದೊಡ್ಡ ಗೋಡೆಯ ನಡುವೆ ಶಾರದೆಯನ್ನು ನೇತುಹಾಕಿದ್ದು. ಅದೂ ಹೇಗೆ? ನಮ್ಮ ಮೈಸೂರಿನ ಮನೆಯಲ್ಲಿ ದೇವರ ಪಟ, ಅಜ್ಜ-ಅಜ್ಜಿಯ ಫೋಟೋ ಬಾಗಿಲಿನ ಮೇಲೆ ದಾರ ಕಟ್ಟಿ, ಸ್ವಲ್ಪ ಮುಂದಕ್ಕೆ ಬಾಗಿಸಿ ಹಾಕುತ್ತಿದ್ದರಲ್ಲ, ಅದೇ ಎತ್ತರಕ್ಕೆ. ಅಲ್ಲಿನ ಸೂರು ಎತ್ತರದ್ದು, ಕತ್ತೆತ್ತಿ ನೋಡಿದರೆ ಹಿರಿಯರು ನಮ್ಮನ್ನು ನೋಡುತ್ತಿರುತ್ತಿದ್ದರು. ಇಲ್ಲಿನ ಸೂರು ಎಂಟೇ ಅಡಿ. ಶಾರದೆ ತಲೆ ಸೂರಿಗೆ ತಾಗುವ ಹಾಗೆ ಮೂಲೆ ಸೇರಿದವಳಂತೆ ಕಂಡಳು. ಕೆಳಗೆ ಏಳು ಅಡಿಯ ಸೋಫಾ, ಸುತ್ತ ಬಿಳೀ ಗೋಡೆ. ನಮ್ಮನೆಯವರು ದೂರ ನಿಂತು ನೋಡಿ, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂದರು. ಕೋಪ ಬಂತು, ಆದರೆ ಅವರು ಹೇಳಿದ್ದು ನಿಜ. ಬಂದ ನೆಂಟರಲ್ಲಿ ಒಬ್ಬರು ಅದನ್ನು ಕ್ಯಾಲೆಂಡರ್ ಎಂದುಕೊಂಡು, "ಇವತ್ತು ಯಾವ ತಿಥಿ?" ಎಂದು ಹತ್ತಿರ ಹೋಗಿ ನೋಡಿದರು.

ಆಗ ಅಳತೆಯ ಲೆಕ್ಕಗಳನ್ನು ಓದತೊಡಗಿದೆ. ಮುಖ್ಯವಾದವು ಮೂರೇ. ಸೋಫಾ, ಮೇಜು, ಮಂಚದ ಮೇಲೆ ಹಾಕುವ ಚಿತ್ರ, ಅಥವಾ ಚಿತ್ರಗಳ ಗುಂಪು, ಕೆಳಗಿರುವ ಸಾಮಾನಿನ ಅಗಲದ ಮೂರರಲ್ಲಿ ಎರಡು ಪಾಲು ಇದ್ದರೆ ಕಣ್ಣಿಗೆ ಹಿತ. ನಮ್ಮ 84 ಇಂಚಿನ ಸೋಫಾಗೆ 56 ಇಂಚು. ಎರಡನೆಯದು, ಖಾಲಿ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರಬೇಕು. ನಿಂತವರ ಕಣ್ಣಿನ ಮಟ್ಟಕ್ಕೆ ಅದು ಹತ್ತಿರ, ಅನೇಕ ಗ್ಯಾಲರಿಗಳು ಪಾಲಿಸುವ ಲೆಕ್ಕವೂ ಅದೇ. ಮೂರನೆಯದು, ಸೋಫಾದ ಮೇಲಾದರೆ ಆ 57ನ್ನು ಸ್ವಲ್ಪ ಸಡಿಲಿಸಿ, ಸೋಫಾದ ಬೆನ್ನಿಗೂ ಚಿತ್ರದ ತಳಕ್ಕೂ ನಡುವೆ 6ರಿಂದ 8 ಇಂಚು ಮಾತ್ರ ಬಿಡಬೇಕು. ಹೆಚ್ಚು ಬಿಟ್ಟರೆ ಸೋಫಾ ಒಂದು ಕಡೆ, ಚಿತ್ರ ಒಂದು ಕಡೆ ಆಗುತ್ತದೆ.

ಈ ಲೆಕ್ಕ ಹಿಡಿದು ಗೋಲ್ಡನ್ ಗೇಟ್ ಸೇತುವೆ ಮಂಜಿನಲ್ಲಿ ಮುಳುಗಿರುವ ಒಂದು ಕ್ಯಾನ್ವಾಸ್ ಪ್ರಿಂಟ್ ತರಿಸಿದೆ. 60 ಇಂಚು ಅಗಲ, 40 ಇಂಚು ಎತ್ತರ. ಹಾಕಿದೆವು. ಕೋಣೆಗೇ ಒಂದು ಕಳೆ ಬಂತು. ಶಾರದೆಯನ್ನು ಇಳಿಸಿ, ಹಳೇ ಸೀರೆಯಲ್ಲೇ ಸುತ್ತಿ, ಬೆಡ್‌ರೂಮಿನ ಕ್ಲಾಸೆಟ್‌ನಲ್ಲಿ ಇಟ್ಟೆ. "ಸದ್ಯಕ್ಕೆ" ಎಂದು ನನಗೆ ನಾನೇ ಹೇಳಿಕೊಂಡೆ.

ಆ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪನ ಕಣ್ಣು ನನ್ನ ಭುಜದ ಹಿಂದಕ್ಕೆ ಹೋಯಿತು. ಒಂದು ಕ್ಷಣ ಸುಮ್ಮನಿದ್ದು, "ಸೇತುವೆ ಚೆನ್ನಾಗಿದೆ" ಎಂದರು. ಅಷ್ಟೇ. ಶಾರದೆ ಎಲ್ಲಿ ಎಂದು ಕೇಳಲಿಲ್ಲ. ಮುಂದಿನ ವಾರವೂ ಕೇಳಲಿಲ್ಲ, ಅದರ ಮುಂದಿನ ವಾರವೂ. ಕೇಳಿದ್ದರೆ ಏನಾದರೂ ಸಬೂಬು ಹೇಳಿ ಹಗುರಾಗುತ್ತಿದ್ದೆ. ಅದೇ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಜೆಸ್ಸೋ ಕೆಲಸ ಬಿಟ್ಟಿದ್ದಾರೆ ಎಂದು ಅಮ್ಮ ಬೇರೆ ಯಾವುದೋ ಮಾತಿನ ನಡುವೆ ಹೇಳಿದರು. ಅಂದರೆ ಇನ್ನೊಂದು ಶಾರದೆ, ಸ್ವಲ್ಪ ದೊಡ್ಡದು, ಇನ್ನು ಬರುವುದಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ, ಅಮ್ಮ ಇಲ್ಲಿಗೆ ಬಂದರು. ಅವರು ಬರುವ ಮೊದಲು ಚಿತ್ರವನ್ನು ಎಲ್ಲಾದರೂ ಹಾಕಬೇಕು ಎಂದುಕೊಂಡಿದ್ದೆ, ಆಗಲಿಲ್ಲ. ಎರಡನೇ ದಿನ ಅಮ್ಮನಿಗೆ ಕಂಬಳಿ ತೆಗೆಯಲು ಹೋದ ಅಪ್ಪನ ಕೈಗೇ ಆ ಸೀರೆಯ ಗಂಟು ಸಿಕ್ಕಿತು. ನಾನು ತಡವರಿಸುತ್ತಾ, "ಅಪ್ಪ, ಅದು... ಆ ಗೋಡೆಗೆ ತೀರಾ ಚಿಕ್ಕದಾಯ್ತು" ಎಂದೆ.

"ಚಿಕ್ಕದಾಗದೆ ಇನ್ನೇನು? ನೀನೇ ಸೂಟ್‌ಕೇಸಿನ ಅಳತೆ ಕೊಟ್ಟಿದ್ದೆಯಲ್ಲ" ಎಂದು ನಕ್ಕರು. "ಟೇಪ್ ಇದೆಯೇನಮ್ಮ ಮನೇಲಿ?"

ಅವತ್ತು ಮಧ್ಯಾಹ್ನ ಅಪ್ಪ ಟೇಪ್ ಹಿಡಿದು ಮನೆಯೆಲ್ಲ ಓಡಾಡಿದರು. ಓಡಾಡುತ್ತಾ ನನಗೆ ಜಗನ್ಮೋಹನ ಅರಮನೆಯನ್ನು ನೆನಪಿಸಿದರು. 1861ರಲ್ಲಿ ಕಟ್ಟಿದ್ದು, 1915ರಿಂದ ಚಿತ್ರಶಾಲೆ. ಮೈಸೂರಿನ ಮಕ್ಕಳೆಲ್ಲ ಶಾಲೆಯಿಂದ ಸಾಲಾಗಿ ಹೋಗಿ ನೋಡಿ ಬಂದಿರುತ್ತೇವೆ. ಅಲ್ಲಿ ರವಿವರ್ಮನ ದೊಡ್ಡ ದೊಡ್ಡ ತೈಲಚಿತ್ರಗಳಿವೆ. ಆದರೆ ಹೊರಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಇರುವುದು ದೀಪ ಹಿಡಿದ ಹುಡುಗಿ. ಅದನ್ನೂ ರವಿವರ್ಮನದೇ ಎಂದು ಬಹಳ ಜನ ಅಂದುಕೊಂಡಿದ್ದಾರೆ, ಬರೆದವರು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ. "ಅದು ಆ ಅರಮನೆಯ ಅತಿ ದೊಡ್ಡ ಚಿತ್ರ ಅಲ್ಲ. ಅದನ್ನ ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಇಟ್ಟರು ನೋಡು, ಅದಕ್ಕೇ ದೀಪ ಉರೀತಾ ಇದೆ ಅನ್ನಿಸೋದು. ದರ್ಬಾರ್ ಹಾಲಿನ ಗೋಡೆಗೆ ಹಾಕಿದ್ದರೆ ಯಾರು ನಿಂತು ನೋಡ್ತಿದ್ದರು?" ಎಂದರು ಅಪ್ಪ. ನಾನು ಓದಿದ್ದೆಲ್ಲ ಗೋಡೆಗೆ ಚಿತ್ರ ಹುಡುಕುವ ಲೆಕ್ಕ. ಅಪ್ಪ ಚಿತ್ರಕ್ಕೆ ಗೋಡೆ ಹುಡುಕುತ್ತಿದ್ದರು.

ಅವರು ಇನ್ನೊಂದು ವಿಷಯ ಹೇಳಿದರು. ಯಾವ ಚಿತ್ರವನ್ನು ಎಷ್ಟು ದೂರದಿಂದ ನೋಡಬೇಕು ಎಂಬುದು ಅದನ್ನು ಬರೆಯುವಾಗಲೇ ತೀರ್ಮಾನವಾಗಿರುತ್ತದೆ. ಮೂಗುತಿಯ ಚಿನ್ನ ಹತ್ತು ಅಡಿಯಿಂದ ಕಾಣುವುದಿಲ್ಲ. ಮೈಸೂರು ಚಿತ್ರ ಕೈಯಳತೆಯ ದೂರದಿಂದ ನೋಡುವಂಥದ್ದು. ಸೇತುವೆಯ ಫೋಟೋ ಹಾಗಲ್ಲ, ಹತ್ತಿರ ಹೋದಷ್ಟೂ ಅದರಲ್ಲಿ ಮಂಜೇ.

ಕೊನೆಗೆ ಸಿಕ್ಕಿದ್ದು ಅಡುಗೆಮನೆಗೂ ಊಟದ ಮೇಜಿಗೂ ನಡುವಿನ 38 ಇಂಚಿನ ಸಣ್ಣ ಗೋಡೆ. ನಾನು ಅದನ್ನು ಗೋಡೆ ಎಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಕ್ಕೆ ಐವತ್ತು ಸಲ ಎಲ್ಲರೂ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. ಅಲ್ಲಿಗೂ 14 ಇಂಚು ಸ್ವಲ್ಪ ಕಡಿಮೆಯೇ. ಅದಕ್ಕೆ ಹೊಸ ಕಟ್ಟು ಹಾಕಿಸಿದೆವು: ಚಿತ್ರದ ಸುತ್ತ ನಾಲ್ಕು ಇಂಚಿನ ಮ್ಯಾಟ್, ಅದರಾಚೆ ಒಂದು ಇಂಚಿನ ಮರ. ಈಗ 24ಕ್ಕೆ 28. ಗೋಡೆಯ ಅಗಲದ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಮ್ಯಾಟ್‌ನಿಂದ ಇನ್ನೊಂದು ಲಾಭ, ಗಾಜು ಚಿನ್ನದ ಕೆಲಸಕ್ಕೆ ತಾಗುವುದಿಲ್ಲ. ಮನೆಯಲ್ಲಿ ಚಿಕ್ಕ ಚಿತ್ರವಿದ್ದು ಗೋಡೆ ಸ್ವಲ್ಪ ದೊಡ್ಡದಾದರೆ, ಹೊಸ ಚಿತ್ರ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಮೊಳೆ ಹೊಡೆಯುವ ಮೊದಲು ಅಪ್ಪ ರಟ್ಟಿನ ಪೆಟ್ಟಿಗೆಯೊಂದನ್ನು ಅದೇ ಅಳತೆಗೆ ಕತ್ತರಿಸಿ, ನೀಲಿ ಪೇಂಟರ್ಸ್ ಟೇಪಿನಲ್ಲಿ ಅಂಟಿಸಿ ಮೂರು ದಿನ ಬಿಟ್ಟರು. ಬೆಳಗಿನ ಕಾಫಿ ಹೊತ್ತಿಗೆ, ಸಂಜೆ ಪಶ್ಚಿಮದ ಬಿಸಿಲಿಗೆ, ರಾತ್ರಿ ದೀಪಕ್ಕೆ ಹೇಗಿರುತ್ತದೆ ಎಂದು ನೋಡಿದರು. ಬಿಸಿಲು ನೇರ ಬೀಳುವುದಿಲ್ಲ ಎಂದು ಖಾತ್ರಿಯಾಯಿತು. ಕೂತು ಊಟ ಮಾಡುವವರಿಗೂ ಕಾಣಲಿ ಎಂದು 57ನ್ನು ಮೂರು ಇಂಚು ಇಳಿಸಿದೆವು.

ನೇತುಹಾಕುವುದು ನಮ್ಮನೆಯವರ ಪಾಲಿಗೆ ಬಂತು. ನಾವು ಹೇವರ್ಡ್ ಭೂಬಿರುಕಿನ ನೆರೆಯವರು. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ ಆದ 6.9ರ ಲೋಮಾ ಪ್ರಿಯೇಟಾ ಭೂಕಂಪದ ಕಥೆಯನ್ನು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಗಾಜಿನ ಭಾರೀ ಚಿತ್ರಗಳನ್ನು ಮಂಚ, ಸೋಫಾಗಳ ಮೇಲೆ ಹಾಕಬೇಡಿ ಎಂಬುದು ಈ ಸೀಮೆಯಲ್ಲಿ ಅಂದಚೆಂದಕ್ಕಿಂತ ಮೊದಲಿನ ನಿಯಮ. ಗೋಡೆಯೂ ಊರಿನ ಇಟ್ಟಿಗೆ ಗೋಡೆಯಲ್ಲ, ಅರ್ಧ ಇಂಚಿನ ಡ್ರೈವಾಲ್. ಹಿಂದಿರುವ ಮರದ ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು. ಭಾರದ ಚಿತ್ರಕ್ಕೆ ಅದೇ ಆಧಾರ. ತೆರೆದ ಕೊಕ್ಕೆಗಿಂತ, ಅಲುಗಿದರೂ ಕಳಚದ ಮುಚ್ಚಿದ ಕೊಕ್ಕೆ ಒಳ್ಳೆಯದು. ನಮಗೆ ಎರಡು ಸ್ಟಡ್ ಸಿಕ್ಕವು, ಆದರೆ ಲೆಕ್ಕಕ್ಕಿಂತ ಒಂದು ಇಂಚು ಬಲಕ್ಕೆ. "ಇರಲಿ ಬಿಡಿ, ಬೀಳದಿದ್ದರೆ ಸಾಕು" ಎಂದರು ಅಪ್ಪ.

ಹಾಗಾದರೆ ದೊಡ್ಡ ಗೋಡೆ? ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ದಸರಾ ಮೆರವಣಿಗೆಯನ್ನು ಒಂದೇ ಚಿತ್ರದಲ್ಲಿ ತುರುಕಿಲ್ಲ. ಚಿತ್ರದ ಪಕ್ಕ ಚಿತ್ರ ಜೋಡಿಸಿದ್ದಾರೆ, ಮೆರವಣಿಗೆ ಗೋಡೆಯ ಉದ್ದಕ್ಕೂ ನಡೆಯುತ್ತದೆ. ಅಪ್ಪ ಅದನ್ನೇ ಹಿಡಿದರು. ಕೈ ನಡುಗಿದರೂ ಬಾಯಿ ನಡುಗುತ್ತಿರಲಿಲ್ಲವಲ್ಲ! ಅವರು ಹೇಳುತ್ತಾ ಹೋದರು, ಒಂಬತ್ತು ವರ್ಷದ ಮಗಳು ಬರೆಯುತ್ತಾ ಹೋದಳು. ಆರು ವಾರದಲ್ಲಿ ಮೂರು ಆನೆ. ನಡುವಿನದಕ್ಕೆ ಅಂಬಾರಿ. ಸೊಂಡಿಲು ಮೂರು ಸಲ ಅಳಿಸಿ ಬರೆದದ್ದು ಈಗಲೂ ಕಾಣುತ್ತದೆ. ಒಂದೊಂದೂ 16 ಇಂಚು ಅಗಲ, ನಡುವೆ ಮೂರು ಮೂರು ಇಂಚು ಬಿಟ್ಟರೆ ಒಟ್ಟು 54 ಇಂಚು, ಬೇಕಿದ್ದದ್ದು 56. ಗಾಜಿನ ಬದಲು ಹಗುರವಾದ ಅಕ್ರಿಲಿಕ್, ಹಾಗಾಗಿ ಸೋಫಾದ ಮೇಲಿದ್ದರೂ ಹೆದರಿಕೆಯಿಲ್ಲ. ಸೇತುವೆ ನಮ್ಮನೆಯವರ ಆಫೀಸ್ ಕೋಣೆಗೆ ಹೋಯಿತು.

ಎಲ್ಲರ ಮನೆಗೂ ಇದೇ ಲೆಕ್ಕ ಹೊಂದುತ್ತದೆ ಎಂದು ಹೇಳಲಾರೆ. ಪಾಲೋ ಆಲ್ಟೋದಲ್ಲಿರುವ ನಮ್ಮ ಸ್ನೇಹಿತರೊಬ್ಬರದು ಐಕ್ಲರ್ ಮನೆ. ಹಿತ್ತಲ ಕಡೆಗೆಲ್ಲ ನೆಲದಿಂದ ಸೂರಿನವರೆಗೆ ಗಾಜು. "ನಿನಗೆ ಗೋಡೆ ದೊಡ್ಡದಾಯಿತು ಅಂತ ಚಿಂತೆ, ನನಗೆ ಗೋಡೆಯೇ ಇಲ್ಲ" ಎನ್ನುತ್ತಾರೆ ಅವರು. ಅವರಿಗೂ ಅಪ್ಪನ ಮಾತನ್ನೇ ಹೇಳಿದೆ: ಸಣ್ಣ ಗೋಡೆಗಳನ್ನು ಒಮ್ಮೆ ಎಣಿಸಿ ನೋಡಿ.

ಅಪ್ಪ, ಅಮ್ಮ ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ಹಿಂತಿರುಗಿದರು. ಭಾನುವಾರದ ಕಾಲ್ ಈಗ ಊಟದ ಮೇಜಿನಿಂದ. ಮೊದಲ ವಾರ ಮಾತಾಡುತ್ತಾ ಇದ್ದ ಹಾಗೇ ಅಪ್ಪ, "ಸ್ವಲ್ಪ ಎಡಕ್ಕೆ ಸರಿಯಮ್ಮ" ಎಂದರು. ಕ್ಯಾಮೆರಾದಲ್ಲಿ ನನ್ನ ಮುಖ ಅರ್ಧ ಕಾಣುತ್ತಿದೆಯೇನೋ ಎಂದುಕೊಂಡು ಸರಿದೆ.

"ಹಾಂ, ಈಗ ಸರಿ" ಎಂದು ಕನ್ನಡಕ ಏರಿಸಿಕೊಂಡು, ನನ್ನ ಹಿಂದಕ್ಕೆ ನೋಡುತ್ತಾ ಕೇಳಿದರು: "ಆ ಗಾಜು ಒರೆಸಿ ಎಷ್ಟು ದಿನ ಆಯ್ತಮ್ಮ?"